ಲಿಮೋಸಿನ್ ಓಡಿಸಲು ಯಾವ ಲೈಸೆನ್ಸ್ ಬೇಕು? ಮೊದಲು ಗಾಡಿಯ ಆರ್‌ಸಿ ತೆಗೆದು ನೋಡಿ

ನನ್ನ ಪರ್ಸಿನಲ್ಲಿ ಒಂದು ಡ್ರೈವಿಂಗ್ ಲೈಸೆನ್ಸ್ ಇದೆ. ಎಲ್‌ಎಂವಿ, ಅಂದರೆ ಲಘು ವಾಹನದ್ದು. ಮುಂಬೈಯ ಘಾಟ್‌ಕೋಪರ್‌ನ ಮನೆಯಿಂದ ಸಯನ್, ಮಾಟುಂಗಾ ಕಡೆಗೆ ನನ್ನ ಪುಟ್ಟ ಕಾರು ಓಡಿಸಿದ್ದು ಬಿಟ್ಟರೆ ನಾನು ಬೇರೆ ಯಾವ ಗಾಡಿಯ ಸ್ಟೇರಿಂಗ್ ಮುಟ್ಟಿದವನಲ್ಲ. ಆದರೂ ಲೈಸೆನ್ಸ್ ಒಂದನ್ನೇ ನೋಡುವುದಾದರೆ, ನಾಳೆ ಬೆಳಿಗ್ಗೆ ಬಾಡಿಗೆಯ 17 ಸೀಟಿನ ಗಾಡಿಯಲ್ಲಿ ಮದುವೆ ದಿಬ್ಬಣ ಕೂರಿಸಿಕೊಂಡು ಕೊಲ್ಲೂರಿಗೆ ಹೊರಟರೂ ಕಾನೂನು ನನ್ನನ್ನು ತಡೆಯುವುದಿಲ್ಲ. ಎರಡು ಕೋಟಿಯ ಐಷಾರಾಮಿ ಕಾರಿನಲ್ಲಿ ಅತಿಥಿಗಳನ್ನು ಏರ್‌ಪೋರ್ಟಿನಿಂದ ಹೋಟೆಲಿಗೆ ಬಿಡುವುದಕ್ಕೂ ಅದೇ ಕಾರ್ಡ್ ಸಾಕು.

ಇದು ಹೇಗೆ ಹೀಗಾಯಿತು, ಇದರಿಂದ ಡ್ರೈವರ್ ಕೆಲಸಕ್ಕೆ ಬರುವ ನಮ್ಮ ಹುಡುಗರು ಏನು ನೋಡಿಕೊಳ್ಳಬೇಕು ಅನ್ನುವುದನ್ನು ಬಿಡಿಸಿ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಅಂಧೇರಿಯ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಗಾಡಿಗಳ ಕಾಗದಪತ್ರ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಪರ್ಮಿಟ್, ಫಿಟ್ನೆಸ್, ಇನ್ಶೂರೆನ್ಸ್, ಡ್ರೈವರ್‌ಗಳ ಬ್ಯಾಡ್ಜ್ ಎಲ್ಲ ನನ್ನ ಮೇಜಿನ ಮೇಲೆಯೇ ಹಾದು ಹೋಗುತ್ತಿತ್ತು. ಆದರೂ ನಮ್ಮ ಮನೆಯ ಹುಡುಗನೇ ಸಿಕ್ಕಿಬಿದ್ದಾಗ ಕಣ್ಣಿಗೆ ಹೊಡೆದ ಹಾಗಾಯಿತು.

ನನ್ನ ತಮ್ಮನ ಮಗ ಕುಂದಾಪುರದಿಂದ ಬಂದು ಡೊಂಬಿವಲಿಯಲ್ಲಿ ರೂಮು ಮಾಡಿಕೊಂಡಿದ್ದಾನೆ. ಕೈ ಚೆನ್ನಾಗಿದೆ, ಗಾಡಿಯನ್ನು ಹೂವಿನ ಹಾಗೆ ಓಡಿಸುತ್ತಾನೆ. ಮದುವೆಗಳಿಗೆ ದೊಡ್ಡ ಕಾರು ಬಾಡಿಗೆ ಕೊಡುವ ಒಬ್ಬರ ಹತ್ತಿರ ಕೆಲಸಕ್ಕೆ ಸೇರಿದ. ಬಿಳಿ ಕೋಟು, ಟೋಪಿ, ಕೈಗೆ ಗ್ಲೌಸ್. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಠಾಣೆ ಕಡೆಯಿಂದ ಅವನ ಫೋನ್ ಬಂತು. ಮದುಮಗನನ್ನು ಹಾಲ್‌ಗೆ ಇಳಿಸಿ ವಾಪಸ್ ಬರುವಾಗ ತಪಾಸಣೆಯವರು ಗಾಡಿ ನಿಲ್ಲಿಸಿದ್ದರು. "ದೊಡ್ಡಪ್ಪ, ನನ್ನ ಲೈಸೆನ್ಸ್ ಸರಿ ಇದೆ ಅಂತಾರೆ, ಆದ್ರೂ ಗಾಡಿ ಬಿಡ್ತಾ ಇಲ್ಲ" ಅಂದ. ನಂಬರ್ ಪ್ಲೇಟ್ ಯಾವ ಬಣ್ಣ ಅಂತ ಕೇಳಿದೆ. ಬಿಳಿ ಅಂದ. ಆಮೇಲೆ ನಾನು ಬೇರೇನೂ ಕೇಳಬೇಕಾಗಲಿಲ್ಲ. ಮಾಲೀಕರು ಫೋನ್ ಎತ್ತಲಿಲ್ಲ. ಹುಡುಗ ಆ ಬಿಳಿ ಕೋಟಿನಲ್ಲೇ ಎರಡು ಗಂಟೆಯವರೆಗೆ ಫುಟ್‌ಪಾತಿನ ಮೇಲೆ ಕೂತಿದ್ದ.

ಅವನ ಲೈಸೆನ್ಸ್ ನಿಜವಾಗಿಯೂ ಸರಿ ಇತ್ತು. ತಪ್ಪಿದ್ದದ್ದು ಗಾಡಿಯಲ್ಲಿ. ಇಲ್ಲೇ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ನಮ್ಮ 1988ರ ಮೋಟಾರು ವಾಹನ ಕಾಯ್ದೆ ಓದಿದರೆ ಅದರ ಲೆಕ್ಕಾಚಾರ ಬೇರೆಯೇ ಅನ್ನುವುದು ಗೊತ್ತಾಗುತ್ತದೆ. ಕಾರು ಎಷ್ಟು ಉದ್ದ, ಒಳಗೆ ಸೋಫಾ ಇದೆಯಾ, ಡ್ರೈವರ್ ಟೋಪಿ ಹಾಕಿದ್ದಾನಾ ಅನ್ನುವುದು ಅದಕ್ಕೆ ಬೇಡ. ಗಾಡಿ ಬಾಡಿಗೆಗೆ ಓಡುತ್ತಿದೆಯಾ? ಎಷ್ಟು ಜನ ಕೂರುತ್ತಾರೆ? ತೂಕ ಎಷ್ಟು? ಮುಖ್ಯವಾಗಿ ಈ ಮೂರನ್ನೇ ನೋಡುತ್ತದೆ. ಬಾಡಿಗೆಗೆ ಓಡುವ ಗಾಡಿಯಲ್ಲಿ ಡ್ರೈವರ್ ಬಿಟ್ಟು ಆರು ಜನರವರೆಗೆ ಜಾಗ ಇದ್ದರೆ ಅದು ಮೋಟಾರ್ ಕ್ಯಾಬ್. ಆರಕ್ಕಿಂತ ಜಾಸ್ತಿ, 12ರವರೆಗೆ ಇದ್ದರೆ ಮ್ಯಾಕ್ಸಿ ಕ್ಯಾಬ್. ಲಿಮೋಸಿನ್ ಎಂಬ ಪದವೇ ಈ ವರ್ಗಗಳಲ್ಲಿ ಇಲ್ಲ. ಹಾಗಾಗಿ ಜುಹುವಿನ ಬಂಗಲೆಯೊಂದರಲ್ಲಿ ಸಾಹುಕಾರರ ಸ್ವಂತ ಮರ್ಸಿಡಿಸ್ ಓಡಿಸುವ ಡ್ರೈವರ್ ತಿಂಗಳಿಗೆ ಸಂಬಳ ತೆಗೆದುಕೊಂಡರೂ ಆ ಗಾಡಿ ಬಾಡಿಗೆಯದ್ದಾಗುವುದಿಲ್ಲ, ಯಾಕೆಂದರೆ ಅವರು ಕೊಡುವ ಹಣ ಡ್ರೈವರ್‌ನ ದುಡಿಮೆಗೆ, ಗಾಡಿಯಲ್ಲಿ ಕೂತದ್ದಕ್ಕಲ್ಲ. ಅದೇ ಕಾರನ್ನು ಭಾನುವಾರ ಒಂದು ಮದುವೆಗೆ ಬಾಡಿಗೆಗೆ ಬಿಟ್ಟರೆ ಅದು ಟ್ಯಾಕ್ಸಿಯ ಕೆಲಸ ಮಾಡಿದಂತೆ. ಅದಕ್ಕೆ ಹಳದಿ ಪ್ಲೇಟ್, ಕಪ್ಪು ಅಕ್ಷರ, ಪರ್ಮಿಟ್, ಫಿಟ್ನೆಸ್ ಎಲ್ಲ ಬೇಕು. ನಮ್ಮ ಊರಿನಲ್ಲಿ ವೈಟ್ ಬೋರ್ಡ್, ಯೆಲ್ಲೋ ಬೋರ್ಡ್ ಅಂತ ಹೇಳುವುದು ಇದನ್ನೇ. ಬ್ಯಾಟರಿ ಗಾಡಿಯಾದರೆ ಪ್ಲೇಟ್ ಹಸಿರು, ಬಾಡಿಗೆಯದ್ದಕ್ಕೆ ಹಳದಿ ಅಕ್ಷರ, ಸ್ವಂತದ್ದಕ್ಕೆ ಬಿಳಿ ಅಕ್ಷರ. ಇದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ.

ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಕಾಯ್ದೆಯಲ್ಲಿ ಅವಕಾಶ ಇದೆ. ಗಾಡಿಯನ್ನು ಹಿಡಿದಿಟ್ಟುಕೊಳ್ಳಲೂಬಹುದು. ಆ ಕಲಂ ಗಾಡಿ ಓಡಿಸಿದವನನ್ನೂ ಹಿಡಿಯುತ್ತದೆ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ನಮ್ಮ ಹುಡುಗರಿಗೆ ಇದು ಗೊತ್ತಿರುವುದಿಲ್ಲ. ಕಾಗದಪತ್ರ ಶೇಠ್‌ನ ತಲೆನೋವು ಅಂದುಕೊಳ್ಳುತ್ತಾರೆ.

ಈಗ ಲೈಸೆನ್ಸಿನ ಕಥೆಗೆ ಬರೋಣ. ಮೊದಲೆಲ್ಲ ಟ್ಯಾಕ್ಸಿ ಓಡಿಸಬೇಕು ಅಂದರೆ ಸಾದಾ ಲೈಸೆನ್ಸ್ ಮೇಲೆ ಟ್ರಾನ್ಸ್‌ಪೋರ್ಟ್ ಅಂತ ಇನ್ನೊಂದು ಮುದ್ರೆ ಬೇಕಿತ್ತು. ಅದಕ್ಕೆ 20 ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗಿರಬೇಕು, ಡಾಕ್ಟರ್ ಹತ್ತಿರ ಫಾರ್ಮ್ 1ಎ ತುಂಬಿಸಿ ತರಬೇಕು. ಎಂಟನೇ ಕ್ಲಾಸು ಪಾಸಾಗಿರಬೇಕು ಅನ್ನುವ ಷರತ್ತೂ ಇತ್ತು, ಅದನ್ನು 2019ರಲ್ಲಿ ತೆಗೆದರು. ತೆಗೆದದ್ದು ಒಳ್ಳೆಯದೇ ಆಯಿತು. ಶಾಲೆ ಬಿಟ್ಟ ಎಷ್ಟೋ ಹುಡುಗರು ಎಂಟನೇ ಕ್ಲಾಸಿನ ಸರ್ಟಿಫಿಕೇಟಿಗಾಗಿ ಏಜೆಂಟರ ಕೈಗೆ ಸುಮ್ನೆ ದುಡ್ಡು ಸುರಿಯುತ್ತಿದ್ದರು.

ತೊಡಕು ಶುರುವಾದದ್ದು 1994ರ ತಿದ್ದುಪಡಿಯಿಂದ. ಮಧ್ಯಮ, ಭಾರಿ ಅಂತ ಬೇರೆ ಬೇರೆ ಇದ್ದ ವರ್ಗಗಳನ್ನೆಲ್ಲ ತೆಗೆದು ಟ್ರಾನ್ಸ್‌ಪೋರ್ಟ್ ವಾಹನ ಅಂತ ಒಂದೇ ಹೆಸರಿಟ್ಟರು. ಆದರೆ ಲಘು ವಾಹನದ ವ್ಯಾಖ್ಯೆಯನ್ನು ಮುಟ್ಟಲಿಲ್ಲ. ಅದರಲ್ಲಿ 7,500 ಕಿಲೋ ಮೀರದ ಟ್ರಾನ್ಸ್‌ಪೋರ್ಟ್ ವಾಹನವೂ ಸೇರುತ್ತದೆ ಅಂತ ಸ್ಪಷ್ಟವಾಗಿ ಬರೆದಿದೆ. ಹಾಗಾದರೆ ಟ್ಯಾಕ್ಸಿ ಯಾವ ಗುಂಪಿಗೆ ಸೇರಿತು? ಇನ್ಶೂರೆನ್ಸ್ ಕಂಪನಿಗಳು ಈ ಸಂದಿಯನ್ನು ಹಿಡಿದುಕೊಂಡವು. ಅಪಘಾತ ಆದಾಗ ಡ್ರೈವರ್‌ಗೆ ಟ್ರಾನ್ಸ್‌ಪೋರ್ಟ್ ಮುದ್ರೆ ಇರಲಿಲ್ಲ, ಹಾಗಾಗಿ ಪರಿಹಾರದ ಹೊಣೆ ನಮ್ಮದಲ್ಲ ಅಂತ ವಾದಿಸತೊಡಗಿದವು. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಕೋರ್ಟಿನಲ್ಲಿ ಡ್ರೈವರ್‌ನ ಲೈಸೆನ್ಸಿನ ಮೇಲಿನ ಎರಡಕ್ಷರದ ಬಗ್ಗೆ ವರ್ಷಗಟ್ಟಲೆ ಕಾಯುವುದು ಅಂದರೆ ಎಂಥ ಅನ್ಯಾಯ ಯೋಚಿಸಿ.

2017ರ ಜುಲೈಯಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು, 7,500 ಕಿಲೋ ಒಳಗಿನ ಟ್ರಾನ್ಸ್‌ಪೋರ್ಟ್ ಗಾಡಿಗೆ ಎಲ್‌ಎಂವಿ ಲೈಸೆನ್ಸೇ ಸಾಕು, ಬೇರೆ ಮುದ್ರೆ ಬೇಡ ಅಂದರು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅದನ್ನೇ ಪಾಲಿಸಿ ಅಂತ ರಾಜ್ಯಗಳಿಗೆ ಬರೆಯಿತು. ಆ ತೀರ್ಪನ್ನು ಮರಳಿ ನೋಡಬೇಕು ಅನ್ನುವ ವಾದ ಐವರ ಸಂವಿಧಾನ ಪೀಠಕ್ಕೆ ಹೋಯಿತು. 2024ರ ನವೆಂಬರ್ 6ರಂದು ರಂಭಾ ದೇವಿ ಪ್ರಕರಣದಲ್ಲಿ ಆ ಪೀಠವೂ ಹಳೆಯ ತೀರ್ಪನ್ನೇ ಎತ್ತಿ ಹಿಡಿಯಿತು. ಟ್ರಾನ್ಸ್‌ಪೋರ್ಟ್ ವಾಹನಗಳಿಗೆ ಅಂತ ಇರುವ ಹೆಚ್ಚಿನ ಅರ್ಹತೆಗಳು 7,500 ಕಿಲೋ ಮೀರಿದ ಮಧ್ಯಮ, ಭಾರಿ ಗಾಡಿ ಓಡಿಸುವವರಿಗೆ ಮಾತ್ರ ಅನ್ವಯಿಸುತ್ತವೆ ಅಂತ ಹೇಳಿತು. ಎಲ್‌ಎಂವಿ ಲೈಸೆನ್ಸ್ ಇರುವವರು ಬಾಡಿಗೆ ಗಾಡಿ ಓಡಿಸಿದ್ದರಿಂದಲೇ ಅಪಘಾತ ಹೆಚ್ಚಾಗಿವೆ ಅನ್ನುವುದಕ್ಕೆ ಯಾರೂ ಅಂಕಿಅಂಶ ತಂದುಕೊಟ್ಟಿಲ್ಲ ಅನ್ನುವುದೂ ಆ ತೀರ್ಪಿನಲ್ಲಿ ಇದೆ.

ನನಗೆ ಈ ತೀರ್ಪಿನ ಬಗ್ಗೆ ಗೌರವ ಇದೆ. ಲಕ್ಷಾಂತರ ಡ್ರೈವರ್‌ಗಳ ಅನ್ನ ಉಳಿಯಿತು, ಸತ್ತವರ ಮನೆಯವರಿಗೆ ಪರಿಹಾರದ ದಾರಿ ಸಲೀಸಾಯಿತು. ಆದರೆ ಕೋರ್ಟು ಬಿಡಿಸಿದ್ದು ಪದಗಳ ಗಂಟು. ಗಾಡಿ ತುಂಬ ಜನರನ್ನು ಕೂರಿಸಿಕೊಂಡು ಘಾಟಿ ಇಳಿಯಲು ಯಾರಿಗೆ ಕೈ ಬರುತ್ತದೆ ಅನ್ನುವ ಪ್ರಶ್ನೆ ಹಾಗೇ ಉಳಿದಿದೆ, ಅದನ್ನು ಬಗೆಹರಿಸಬೇಕಾದವರು ಕಾನೂನು ಮಾಡುವವರು. ತಿದ್ದುಪಡಿಯ ಕೆಲಸ ನಡೆಯುತ್ತಿದೆ ಅಂತ ಕೇಂದ್ರ ಸರ್ಕಾರ ಆಗಲೇ ಕೋರ್ಟಿಗೆ ಹೇಳಿತ್ತು.

ತೂಕವನ್ನೇ ಅಳತೆಗೋಲು ಮಾಡಿಕೊಂಡರೆ ಏನಾಗುತ್ತದೆ ನೋಡಿ. ದೊಡ್ಡ ಐಷಾರಾಮಿ ಸೆಡಾನ್ ಎರಡು ಟನ್ ಆಸುಪಾಸು ತೂಗುತ್ತದೆ. ಶಿರಡಿ, ಕೊಲ್ಲೂರು ಅಂತ ನಮ್ಮವರು ಬಾಡಿಗೆಗೆ ಹಿಡಿಯುವ 17 ಸೀಟಿನ ಟೆಂಪೋ ಟ್ರಾವೆಲರ್ ಜನ, ಸಾಮಾನು ತುಂಬಿದರೂ 7,500 ಕಿಲೋ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಎರಡಕ್ಕೂ ಲೈಸೆನ್ಸ್ ಒಂದೇ. ಅಮೆರಿಕದಲ್ಲಿ ಡ್ರೈವರ್ ಸೇರಿ 16 ಜನ ಅಥವಾ ಅದಕ್ಕಿಂತ ಜಾಸ್ತಿ ಕೂರುವ ಗಾಡಿ ಓಡಿಸಬೇಕಾದರೆ ವಾಣಿಜ್ಯ ಲೈಸೆನ್ಸ್ ಬೇಕು, ಅದರ ಮೇಲೆ ಪ್ರಯಾಣಿಕರನ್ನು ಒಯ್ಯಲು ಬೇರೆಯೇ ಪರೀಕ್ಷೆ ಪಾಸಾಗಿರಬೇಕು. ಅಲ್ಲಿ ಅಳತೆಗೆ ತಲೆಗಳ ಲೆಕ್ಕವೂ ಸೇರಿದೆ.

ಅಂಥ ನಿಯಮ ಇದ್ದೂ ಅಲ್ಲಿ ಏನಾಯಿತು ಅನ್ನುವುದನ್ನೂ ಹೇಳಬೇಕು. 2018ರ ಅಕ್ಟೋಬರ್ 6ರಂದು ನ್ಯೂಯಾರ್ಕ್ ರಾಜ್ಯದ ಸ್ಕೊಹಾರಿ ಅನ್ನುವಲ್ಲಿ ಹುಟ್ಟುಹಬ್ಬಕ್ಕೆ ಅಂತ ಗೆಳೆಯರು, ಅಕ್ಕತಂಗಿಯರು ಸೇರಿ ಒಂದು ಲಿಮೋಸಿನ್ ಬಾಡಿಗೆಗೆ ಹಿಡಿದರು. ಕುಡಿದು ಗಾಡಿ ಓಡಿಸುವುದು ಬೇಡ ಅಂತಲೇ ಡ್ರೈವರ್ ಇರುವ ಗಾಡಿ ಹಿಡಿದಿದ್ದರು. ಅದು 2001ರ ಫೋರ್ಡ್ ಎಕ್ಸ್‌ಕರ್ಷನ್, ಮಧ್ಯಕ್ಕೆ ಕತ್ತರಿಸಿ ಉದ್ದ ಮಾಡಿದ್ದು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಒಳಗಿದ್ದ 17 ಜನ, ಡ್ರೈವರ್, ರಸ್ತೆ ಬದಿಯಲ್ಲಿ ನಿಂತಿದ್ದ ಇಬ್ಬರು, ಒಟ್ಟು 20 ಜನ ಸತ್ತರು. ಆ ಗಾಡಿ ರಸ್ತೆಗೆ ಇಳಿಯಕೂಡದು ಅಂತ ತಪಾಸಣೆಯವರು ಮೊದಲೇ ಹೇಳಿದ್ದರು. ಡ್ರೈವರ್‌ಗೆ ಆ ಗಾಡಿಗೆ ಬೇಕಾದ ಲೈಸೆನ್ಸ್ ಇರಲಿಲ್ಲ. ಗಾಡಿ ನಡೆಸುತ್ತಿದ್ದವನಿಗೆ 2023ರಲ್ಲಿ ಶಿಕ್ಷೆ ಆಯಿತು. ನಾನು ಈ ಪ್ರಕರಣದ ಬಗ್ಗೆ ಓದುವಾಗಲೆಲ್ಲ ಆ ಡ್ರೈವರ್‌ನನ್ನು ನೆನೆಯುತ್ತೇನೆ. ಕೆಟ್ಟ ಬ್ರೇಕಿನ ಗಾಡಿಯ ಕೀಲಿ ಅವನ ಕೈಗೆ ಕೊಟ್ಟವರು ಬದುಕಿದ್ದಾರೆ. ಅವನು ಇಲ್ಲ.

ಅಂಥ ಉದ್ದನೆಯ ಗಾಡಿ ನಮ್ಮಲ್ಲಿ ಯಾಕೆ ಕಡಿಮೆ ಅಂತ ಕೇಳುವವರಿದ್ದಾರೆ. ಕಾರಣ ಕಾಯ್ದೆಯ 52ನೇ ಕಲಂನಲ್ಲಿದೆ. ಕಂಪನಿ ತಯಾರಿಸಿದ ಮೂಲ ರೂಪಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿಯಾಗಿ ಹೇಳಿತು. ಗ್ಯಾರೇಜಿನಲ್ಲಿ ಕಾರನ್ನು ಕತ್ತರಿಸಿ, ನಡುವೆ ತಗಡು ಬೆಸೆದು ಉದ್ದ ಮಾಡಿಸಿದರೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಬೀಳಬಹುದು. ಅಮೆರಿಕದಿಂದ ತಂದ ಗಾಡಿಯಾದರೆ ಸ್ಟೇರಿಂಗ್ ಎಡಕ್ಕಿರುತ್ತದೆ, ಅದಕ್ಕೆ 120ನೇ ಕಲಂನ ಕಟ್ಟು ಇದೆ. ಕಿಟಕಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು 2012ರಲ್ಲೇ ಸುಪ್ರೀಂ ಕೋರ್ಟ್ ತಡೆಯಿತು. ಮುಂದಿನ, ಹಿಂದಿನ ಗಾಜಿನಲ್ಲಿ 70 ಶೇಕಡಾ, ಪಕ್ಕದ ಗಾಜಿನಲ್ಲಿ 50 ಶೇಕಡಾ ಬೆಳಕು ಹಾಯಲೇಬೇಕು. ಹಾಗಾಗಿ ಮುಂಬೈಯಲ್ಲಿ ಲಿಮೋಸಿನ್ ಸರ್ವಿಸ್ ಅಂದರೆ ಸಾಮಾನ್ಯವಾಗಿ ಕಂಪನಿಯಿಂದ ಬಂದ ಹಾಗೇ ಇರುವ ದೊಡ್ಡ ಸೆಡಾನ್ ಅಥವಾ ವ್ಯಾನ್. ಮದುವೆಗೆ ಯಾರಾದರೂ ಉದ್ದ ಮಾಡಿದ ಗಾಡಿಯ ಕೀಲಿ ಕೈಗಿಟ್ಟರೆ ಆರ್‌ಸಿ ಕೇಳಿ. ತೋರಿಸದಿದ್ದರೆ ಕೀಲಿ ವಾಪಸ್ ಕೊಟ್ಟುಬಿಡಿ.

ಇನ್ನು ಬ್ಯಾಡ್ಜ್, ಅಂದರೆ ಜನರನ್ನು ಬಾಡಿಗೆಗೆ ಒಯ್ಯುವ ಡ್ರೈವರ್‌ಗೆ ಸಾರಿಗೆ ಇಲಾಖೆ ಕೊಡುವ ಗುರುತು. ಲೈಸೆನ್ಸ್ ಕೇಂದ್ರದ ಕಾಯ್ದೆಯ ವಿಷಯವಾದರೆ, ಸಾರ್ವಜನಿಕ ಸೇವೆಯ ಗಾಡಿಯ ಡ್ರೈವರ್‌ಗೆ ಬ್ಯಾಡ್ಜ್, ಯೂನಿಫಾರಂ ಬಗ್ಗೆ ನಿಯಮ ಮಾಡುವ ಅಧಿಕಾರ ರಾಜ್ಯದ್ದು. ಮಹಾರಾಷ್ಟ್ರದ 1989ರ ನಿಯಮಗಳಲ್ಲಿ ವ್ಯವಹಾರಕ್ಕೆ ಸಾಕಾಗುವಷ್ಟು ಮರಾಠಿ, ಊರಿನ ರಸ್ತೆಗಳ ತಿಳುವಳಿಕೆ ಇರಬೇಕು ಅಂತ ಇದೆ. ಪೊಲೀಸ್ ವೆರಿಫಿಕೇಶನ್ ಆಗಬೇಕು. ನಮ್ಮವರಿಗೆ ಮರಾಠಿ ಅಂದರೆ ಭಯ ಬೇಡ. ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತ, ರಾತ್ರಿ ಶಾಲೆಗೆ ಹೋಗುತ್ತ ಮರಾಠಿ ಕಲಿತ ಹಿರಿಯರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆಟೋ ಪರ್ಮಿಟ್‌ಗೆ ಮರಾಠಿ ಕಡ್ಡಾಯ ಮಾಡಿದ್ದ ಸರ್ಕಾರಿ ಸುತ್ತೋಲೆಯನ್ನು ಬಾಂಬೆ ಹೈಕೋರ್ಟ್ 2017ರಲ್ಲಿ ರದ್ದು ಮಾಡಿತು ನಿಜ, ಆದರೆ ಅದು ಪರ್ಮಿಟ್ ಮಾತು, ಬ್ಯಾಡ್ಜ್ ಬೇರೆ. ಇವೆರಡನ್ನು ಒಂದೇ ಅಂದುಕೊಂಡು ಮೋಸ ಹೋಗಬೇಡಿ.

ಬೇರೆ ದೇಶದವರು ಇದನ್ನೆಲ್ಲ ಹೇಗೆ ಜೋಡಿಸಿಕೊಂಡಿದ್ದಾರೆ ಅನ್ನುವುದಕ್ಕೆ ಲಂಡನ್ ಒಳ್ಳೆಯ ಉದಾಹರಣೆ. ಅಲ್ಲಿ ಎಂಟು ಜನರವರೆಗೆ ಕೂರುವ ಬಾಡಿಗೆ ಕಾರಿಗೆ ಡ್ರೈವರ್‌ಗೆ ಒಂದು ಪರವಾನಗಿ, ಗಾಡಿಗೆ ಒಂದು, ಬುಕಿಂಗ್ ತೆಗೆದುಕೊಳ್ಳುವ ಸಂಸ್ಥೆಗೆ ಇನ್ನೊಂದು. ಡ್ರೈವರ್‌ಗೆ 21 ವರ್ಷ ಆಗಿರಬೇಕು, ಲೈಸೆನ್ಸ್ ಸಿಕ್ಕಿ ಮೂರು ವರ್ಷ ಆಗಿರಬೇಕು, ವೈದ್ಯಕೀಯ ತಪಾಸಣೆ, ಅಪರಾಧ ದಾಖಲೆಯ ಪರಿಶೀಲನೆ, ನಕ್ಷೆ ಓದುವ ಪರೀಕ್ಷೆ ಎಲ್ಲ ಇವೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಗಾಡಿ ಬಾಡಿಗೆಗೆ ಹೊರಡುವಂತಿಲ್ಲ. ನಮ್ಮಲ್ಲಿ ಆ್ಯಪ್ ಕಂಪನಿಗಳಿಗೆ ಅಂತ 2020ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಲ್ಲಿ ಇದೇ ಜಾಡು ಇತ್ತು. ಎರಡು ವರ್ಷದ ಅನುಭವ, ಪೊಲೀಸ್ ಪರಿಶೀಲನೆ, ತರಬೇತಿ, ದಿನಕ್ಕೆ 12 ಗಂಟೆ ಮೀರದ ಕೆಲಸ, ಆಮೇಲೆ 10 ಗಂಟೆ ವಿಶ್ರಾಂತಿ. ಆದರೆ ಅದು ಆ್ಯಪ್ ಕಂಪನಿಗಳಿಗೆ. ನಾಲ್ಕು ಕಾರು ಇಟ್ಟುಕೊಂಡು ಫೋನಿನಲ್ಲೇ ಮದುವೆ, ಏರ್‌ಪೋರ್ಟ್ ಡ್ಯೂಟಿ ಹಿಡಿಯುವ ಸಣ್ಣ ಮಾಲೀಕ ಈ ಬಲೆಗೆ ಬೀಳುವುದೇ ಇಲ್ಲ, ಮತ್ತು ನಮ್ಮ ಹುಡುಗರು ಜಾಸ್ತಿ ಕೆಲಸಕ್ಕೆ ಸೇರುವುದು ಅಂಥವರ ಹತ್ತಿರವೇ. ರಾತ್ರಿ ಮೂರಕ್ಕೆ ಏರ್‌ಪೋರ್ಟ್ ಪಿಕಪ್ ಮುಗಿಸಿ ಬೆಳಿಗ್ಗೆ ಏಳಕ್ಕೆ ಪುಣೆಗೆ ಹೊರಡಿಸುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು. ಎಂಟು ಜನಕ್ಕಿಂತ ಜಾಸ್ತಿ ಪ್ರಯಾಣಿಕರನ್ನು ಬಾಡಿಗೆಗೆ ಒಯ್ಯುವ ಗಾಡಿಗೆ, ತೂಕ ಎಷ್ಟೇ ಇರಲಿ, ಒಂದು ಸಣ್ಣ ರಸ್ತೆ ಪರೀಕ್ಷೆ ಇರಬೇಕು. ಸೀಟು ತುಂಬಿದ ಗಾಡಿ ಹೇಗೆ ನಿಲ್ಲುತ್ತದೆ, ಇಳಿಜಾರಿನಲ್ಲಿ ಯಾವ ಗೇರ್ ಅನ್ನುವುದು ಅಲ್ಲಿ ಗೊತ್ತಾಗಬೇಕು. ಬಾಡಿಗೆ ಗಾಡಿಯ ಎಲ್ಲ ಡ್ರೈವರ್‌ಗಳಿಗೂ ಕಣ್ಣು, ರಕ್ತದೊತ್ತಡದ ತಪಾಸಣೆ ಬೇಕು, ಅದರ ಖರ್ಚು ಮಾಲೀಕ ಕೊಡಬೇಕು. ಕೋರ್ಟು ಕೇಳಿದ ಅಂಕಿಅಂಶವನ್ನೂ ಈಗ ಕಲೆಹಾಕಬಹುದು. ಅಪಘಾತಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಇ-ಡಾರ್ ವ್ಯವಸ್ಥೆ ಬಂದಿದೆಯಲ್ಲ, ಗಾಡಿ ಬಾಡಿಗೆಯದ್ದಾ, ಡ್ರೈವರ್‌ಗೆ ಎಷ್ಟು ವರ್ಷದ ಅನುಭವ ಅನ್ನುವುದನ್ನು ಅಲ್ಲಿಂದ ತೆಗೆದು ಪ್ರಕಟಿಸಿದರೆ ವಾದಕ್ಕೊಂದು ಆಧಾರ ಸಿಗುತ್ತದೆ.

ಅಲ್ಲಿಯವರೆಗೆ ಡ್ರೈವರ್ ತನ್ನನ್ನು ತಾನೇ ಕಾಪಾಡಿಕೊಳ್ಳಬೇಕು. ಡ್ಯಾಶ್‌ಬೋರ್ಡಿನ ಡಬ್ಬಿ ತೆಗೆದರೆ ಆರ್‌ಸಿ ಇರುತ್ತದೆ, ಇಲ್ಲದಿದ್ದರೆ ಮಾಲೀಕನ ಫೋನಿನಲ್ಲಿ ಡಿಜಿಲಾಕರ್‌ನಲ್ಲಿ ಇರುತ್ತದೆ. ಅದರಲ್ಲಿ ವಾಹನದ ವರ್ಗ ಅನ್ನುವ ಸಾಲು ನೋಡಿ. ಮೋಟಾರ್ ಕಾರ್ ಅಂತ ಇದ್ದರೆ ಅದು ಸ್ವಂತಕ್ಕೆ. ಮೋಟಾರ್ ಕ್ಯಾಬ್, ಮ್ಯಾಕ್ಸಿ ಕ್ಯಾಬ್ ಅಂತ ಇದ್ದರೆ ಬಾಡಿಗೆಗೆ. ಫಿಟ್ನೆಸ್ ತಾರೀಖು ನೋಡಿ, ಎಂಟು ವರ್ಷದವರೆಗಿನ ಬಾಡಿಗೆ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದ್ದಕ್ಕೆ ವರ್ಷಕ್ಕೊಮ್ಮೆ ಆಗಿರಬೇಕು. ರಾಜ್ಯದ ಗಡಿ ದಾಟುವ ಟ್ರಿಪ್ಪಾದರೆ ಅಖಿಲ ಭಾರತ ಟೂರಿಸ್ಟ್ ಪರ್ಮಿಟ್ ಇದೆಯಾ ಕೇಳಿ. ನಿಮ್ಮ ಲೈಸೆನ್ಸಿನಲ್ಲಿ ಟ್ರಾನ್ಸ್‌ಪೋರ್ಟ್ ಮುದ್ರೆ ಈಗಾಗಲೇ ಇದ್ದರೆ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಂಡೇ ಹೋಗಿ. ಕಾನೂನಿಗೆ ಬೇಡವಾದರೂ ಒಳ್ಳೆಯ ಕೆಲಸ ಕೊಡುವವರು ಅದನ್ನು ಕೇಳುತ್ತಾರೆ.

ಎಲ್ಲಕ್ಕಿಂತ ಮುಖ್ಯ ಇನ್ಶೂರೆನ್ಸ್. ಸ್ವಂತ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸಿದರೆ ರಕ್ಷಣೆ ಇಲ್ಲ ಅಂತ ಬರೆದಿರುತ್ತದೆ. ವೈಟ್ ಬೋರ್ಡ್ ಕಾರಿನಲ್ಲಿ ಬಾಡಿಗೆ ಜನ ಇದ್ದಾಗ ಗುದ್ದಿದರೆ ಗಾಡಿಯ ರಿಪೇರಿ ಹಣ ಕೈಬಿಟ್ಟಂತೆಯೇ. ಮಾಲೀಕ ಅದನ್ನು ಡ್ರೈವರ್‌ನ ಸಂಬಳದಿಂದ ಮುರಿಯಲು ನೋಡುತ್ತಾನೆ. ಯಾರಾದರೂ ಸತ್ತರೆ ನಿರ್ಲಕ್ಷ್ಯದ ಚಾಲನೆಯ ಕೇಸು ಬೀಳುವುದು ಸ್ಟೇರಿಂಗ್ ಹಿಡಿದವನ ಮೇಲೆ. 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಐದು ವರ್ಷದವರೆಗೆ ಶಿಕ್ಷೆ ಇದೆ. ಮೊದಲು ಎರಡು ವರ್ಷ ಇತ್ತು.

ನಮ್ಮ ಹುಡುಗ ಆ ಕೆಲಸ ಬಿಟ್ಟ. ಬಾಕಿ ಸಂಬಳ ಇನ್ನೂ ಬಂದಿಲ್ಲ. ಈಗ ಬೇರೆ ಕಡೆ ಸೇರಿದ್ದಾನೆ. ಹಳದಿ ಪ್ಲೇಟಿನ ಕಪ್ಪು ವ್ಯಾನ್, ಹೆಚ್ಚಾಗಿ ಏರ್‌ಪೋರ್ಟ್ ಡ್ಯೂಟಿ. ಮೊದಲ ದಿನ ಬೆಳಿಗ್ಗೆ ಐದೂವರೆಗೆ ಗಾಡಿಯ ಬಾನೆಟ್ ಮೇಲೆ ಒಂದೊಂದೇ ಕಾಗದ ಹರಡಿ, ಹಾರಿ ಹೋಗದ ಹಾಗೆ ಹೆಬ್ಬೆರಳು ಒತ್ತಿ ಹಿಡಿದು, ಫೋಟೋ ತೆಗೆದು ನನಗೆ ವಾಟ್ಸ್ಆ್ಯಪ್ ಮಾಡಿದ್ದ. ಆರ್‌ಸಿ ಸರಿ ಇತ್ತು. ಪರ್ಮಿಟ್ ಸರಿ ಇತ್ತು. ಇನ್ಶೂರೆನ್ಸ್ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಗುರುವಾರ ರಾತ್ರಿ 12ಕ್ಕೆ ಮುಗಿಯುತ್ತಿತ್ತು. "ಶುಕ್ರವಾರದಿಂದ ಓಡಿಸಬೇಡ, ಮೊದಲು ಶೇಠ್‌ಗೆ ಹೇಳು" ಅಂತ ಬರೆದೆ. ಬುಧವಾರ ಸಂಜೆ ಹೊಸ ಪಾಲಿಸಿಯ ಫೋಟೋ ಬಂತು. ಅದರ ಮೂಲೆಯಲ್ಲೂ ಅವನ ಹೆಬ್ಬೆರಳು ಇತ್ತು.